ಟ್ರ್ಯಾಕ್ಟರಿನವನ ಕಾರು

ಹೊಸೂರಿನಿಂದ ಕೆಲಮಂಗಲದ ಕಡೆಗೆ ಹೋಗುವವರಿಗೆ ದಾರಿಯಲ್ಲಿ ಮುಖ್ಯವಾಗಿ ಎರಡು ಯಂತ್ರಗಳು ಎದುರಾಗುತ್ತವೆ. ಟೊಮೆಟೊ, ಕೋಸು, ಗುಲಾಬಿ ಹೂವಿನ ಮೂಟೆಗಳನ್ನು ಹೇರಿಕೊಂಡು ಸವಾರನೇ ಕಾಣದಂತೆ ಬರುವ ಮೊಪೆಡ್ ಒಂದು, ಟ್ರ್ಯಾಕ್ಟರ್ ಇನ್ನೊಂದು. ಹೊಸೂರಿನಲ್ಲಿ 1980ರಿಂದೀಚೆಗೆ ಟಿವಿಎಸ್ ಮೊಪೆಡ್ಡುಗಳೂ ಅಶೋಕ್ ಲೇಲ್ಯಾಂಡ್ ಲಾರಿಗಳೂ ತಯಾರಾಗುತ್ತ ಬಂದುದರಿಂದ ಆ ಸೀಮೆಯ ಹುಡುಗರಿಗೆ ಯಂತ್ರದ ಮಾತು ಮನೆಮಾತಿನಷ್ಟೇ ಸಲೀಸು. ಕೆಲಮಂಗಲದ ಅಂಗಡಿಬೀದಿಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತವೆ. ನಂಟರ ಮನೆಗೆಂದು ಅಲ್ಲಿಗೆ ಹೋದಾಗ ನಾವು ಕಂಡುಕೊಂಡದ್ದೇನೆಂದರೆ, ಹೊಸ ಯಂತ್ರ ಕೊಂಡವನ ದೂರು ಮಾತ್ರ ಮೂರು ಭಾಷೆಗಳಲ್ಲಿಯೂ ಒಂದೇ. ಕ್ಲಚ್ಚು ಜಾರುತ್ತದೆ, ಸದ್ದು ಜಾಸ್ತಿ, ರಿಪೇರಿಗೆ ಬಿಟ್ಟರೆ ದಿನಗಟ್ಟಲೆ ಕಾಯಿಸುತ್ತಾರೆ, ಕೇಳಿದರೆ ಓಡಿಸಲು ನಿನಗೆ ಬಾರದು ಎನ್ನುತ್ತಾರೆ. ಅಡಿಕೆಗೆ ಮದ್ದು ಬಿಡುವ ಪಂಪು ಕೊಂಡ ನಮ್ಮ ಕಾಸರಗೋಡಿನ ತೋಟದವರಿಗೂ ಈ ಕಡೆಯ ಮಾತು ಹೊಸತಲ್ಲ.

ಇಂಥದೇ ದೂರನ್ನು ಹೊತ್ತುಕೊಂಡು ಹೋಗಿ, ಇಂಥದೇ ಉತ್ತರವನ್ನು ಕೇಳಿಸಿಕೊಂಡು ಬಂದ ಒಬ್ಬ ಟ್ರ್ಯಾಕ್ಟರಿನವನ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಈತ ಇಟಲಿಯವನು. ಹೆಸರು ಫೆರುಚ್ಚಿಯೊ ಲಂಬೋರ್ಗಿನಿ. ಈತನ ಹೆಸರಿನ ಕಾರುಗಳ ಚಿತ್ರವನ್ನು ನಮ್ಮ ಮಕ್ಕಳು ನೋಟ್‌ಪುಸ್ತಕದ ಹೊದಿಕೆಗೆ ಅಂಟಿಸಿಕೊಳ್ಳುವುದುಂಟು. ಆತ ರೈತನ ಮಗನೆಂಬುದು ಅವರಿಗೆ ತಿಳಿಯದು.

ಉತ್ತರ ಇಟಲಿಯ ಫೆರಾರ ಪ್ರಾಂತದಲ್ಲಿ ಚೆಂತೊ ಎಂಬ ಪಟ್ಟಣವಿದೆ. ಅದಕ್ಕೆ ಸೇರಿದ ರೆನಾಜ್ಜೊ ಎಂಬ ಹಳ್ಳಿಯಲ್ಲಿ 1916ನೇ ಇಸವಿ ಏಪ್ರಿಲ್ 28ರಂದು ಫೆರುಚ್ಚಿಯೊ ಹುಟ್ಟಿದನು. ತಂದೆ ಅಂತೋನಿಯೊ, ತಾಯಿ ಎವೆಲಿನಾ. ಬದುಕು ದ್ರಾಕ್ಷಿಯ ಬೇಸಾಯ. ಹುಡುಗನಿಗಾದರೋ ಬಳ್ಳಿಗಿಂತ ಬೇಸಾಯದ ಸಲಕರಣೆಗಳ ಮೇಲೆಯೇ ಮನಸ್ಸು. ಬೊಲೊನ್ಯ ನಗರದ ಬಳಿಯ ತಾಂತ್ರಿಕ ಶಾಲೆಯಲ್ಲಿ ಯಂತ್ರವಿದ್ಯೆ ಕಲಿತನು. 1940ರಲ್ಲಿ ಇಟಲಿಯ ವಾಯುಸೇನೆ ಅವನನ್ನು ಸೇರಿಸಿಕೊಂಡು ರೋಡ್ಸ್ ದ್ವೀಪಕ್ಕೆ ಕಳುಹಿಸಿತು. ಅಲ್ಲಿ ಅವನ ಕೆಲಸ ವಾಹನಗಳ ದುರಸ್ತಿ. ನಾಲ್ಕೂ ಕಡೆ ಸಮುದ್ರ, ಯುದ್ಧಕಾಲ, ಬಿಡಿಭಾಗಗಳು ಸುಲಭಕ್ಕೆ ಬಾರವು. ಇದ್ದುದರಲ್ಲಿಯೇ ಹೊಂದಿಸಿ ಯಂತ್ರವನ್ನು ಓಡಿಸಬೇಕು. ಯುದ್ಧ ಮುಗಿಯುವಾಗ ಇಂಗ್ಲಿಷರ ಸೆರೆಯಾಳಾಗಿದ್ದು, 1946ರಲ್ಲಷ್ಟೆ ಊರು ಸೇರಿದನು.

ಮರಳಿ ಬಂದವನಿಗೆ ಮದುವೆಯಾಯಿತು. ಮರುವರ್ಷವೇ, 1947ರಲ್ಲಿ, ಹೆಂಡತಿ ಕ್ಲೇಲಿಯ ಗಂಡು ಮಗುವನ್ನು ಹೆತ್ತು ತೀರಿಕೊಂಡಳು. ಕೈಯಲ್ಲಿ ತಾಯಿಯಿಲ್ಲದ ಶಿಶು, ಎದುರಿಗೆ ಆಗತಾನೆ ತೆರೆದ ಚಿಕ್ಕ ಗ್ಯಾರೇಜು. ಅವನ ಜೀವನದ ಈ ಭಾಗವನ್ನು ಬರೆಯುವವರು ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ಆದರೆ ಅವನ ಮೊದಲ ಟ್ರ್ಯಾಕ್ಟರು ಹುಟ್ಟಿದ್ದು ಅದೇ ವರ್ಷದಲ್ಲಿ ಎಂಬುದನ್ನು ಓದುಗರು ಗಮನಿಸಬೇಕು.

ಯುದ್ಧದಿಂದ ಬಸವಳಿದಿದ್ದ ಆ ಸೀಮೆಯ ರೈತರಿಗೆ ಉಳುವ ಯಂತ್ರ ಬೇಕಾಗಿತ್ತು. ಹೊಸತನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಸೇನೆಗಳು ಬಿಟ್ಟುಹೋದ ಲಾರಿ, ಬಂಡಿಗಳ ಭಾಗಗಳು ಮಾತ್ರ ಗುಜರಿಯಲ್ಲಿ ರಾಶಿಬಿದ್ದಿದ್ದುವು. ಲಂಬೋರ್ಗಿನಿ ಅವುಗಳನ್ನು ಕೊಂಡು ತಂದು, ಮೋರಿಸ್ ಲಾರಿಯ ಎಂಜಿನನ್ನು ಕೂಡಿಸಿ ಟ್ರ್ಯಾಕ್ಟರು ಮಾಡಿದನು. ಪೆಟ್ರೋಲಿಗೆ ಆಗ ಚಿನ್ನದ ಬೆಲೆ. ಎಂಜಿನನ್ನು ಪೆಟ್ರೋಲಿನಲ್ಲಿ ಹೊರಡಿಸಿ, ಕಾದ ಮೇಲೆ ಅಗ್ಗದ ಡೀಸೆಲ್ ಎಣ್ಣೆಗೆ ತಿರುಗಿಸುವ ಉಪಾಯವನ್ನು ಅದಕ್ಕೆ ಅಳವಡಿಸಿದನು. ರೈತನ ಕಿಸೆಯ ಲೆಕ್ಕ ತಿಳಿದವನಿಗೆ ಮಾತ್ರ ಹೊಳೆಯುವ ಉಪಾಯವದು. ಕರಿಯೋಕ ಎಂಬ ಹೆಸರಿನ ಆ ಬಂಡಿ ಚೆನ್ನಾಗಿ ಮಾರಾಟವಾಗಿ, 1948ರಲ್ಲಿ ಟ್ರ್ಯಾಕ್ಟರ್ ಕಂಪೆನಿಯೇ ಸ್ಥಾಪನೆಯಾಯಿತು. ಅದೇ ವರ್ಷ ತಾನೇ ಮಾರ್ಪಡಿಸಿದ ಪುಟ್ಟ ಫಿಯಟ್ ಕಾರಿನಲ್ಲಿ ಸಾವಿರ ಮೈಲಿಯ ಪಂದ್ಯಕ್ಕೆ ಹೋಗಿ, ಕಾರನ್ನು ಹೋಟೆಲೊಂದರ ಗೋಡೆಗೆ ನುಗ್ಗಿಸಿ ಬಂದದ್ದೂ ಉಂಟು. ಆಮೇಲೆ ಪಂದ್ಯದ ಗೋಜಿಗೆ ಅವನು ಹೋಗಲಿಲ್ಲ.

ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಆತ ದೊಡ್ಡ ಸಾಹುಕಾರನಾದ. ಟ್ರ್ಯಾಕ್ಟರಿನ ಜೊತೆಗೆ ಮನೆ ಬೆಚ್ಚಗಿಡುವ ಎಣ್ಣೆಯ ಒಲೆಗಳ ಕಾರ್ಖಾನೆಯೂ ಸೇರಿತು. ಹಣ ಬಂದ ಮೇಲೆ ಆಸೆಯೂ ಬರುವುದು ಸಹಜ. ಮರ್ಸಿಡಿಸ್, ಜಾಗ್ವಾರ್, ಮಸೆರಾಟಿ ಎಂದು ಒಂದೊಂದಾಗಿ ವೇಗದ ಕಾರುಗಳನ್ನು ಕೊಂಡನು. 1958ರಲ್ಲಿ ಫೆರಾರಿಯನ್ನೂ ಕೊಂಡನು. ಆ ಕಾರನ್ನು ಮಾಡುವ ಎನ್ಜೊ ಫೆರಾರಿ ಮೊಡೆನಾ ಕಡೆಯವನು; ಕಾರ್ಖಾನೆ ಮರನೆಲ್ಲೊ ಎಂಬಲ್ಲಿ. ಲಂಬೋರ್ಗಿನಿಯ ಊರಿಗೆ ತೀರ ದೂರದ್ದೇನೂ ಅಲ್ಲ.

ಜಗತ್ತೇ ಕೊಂಡಾಡುವ ಕಾರು ಮನೆಗೆ ಬಂತು. ಬಂದ ಮೇಲೆ ಅದರ ಕಿರುಕುಳಗಳೂ ಒಂದೊಂದಾಗಿ ಹೊರಬಿದ್ದುವು. ದೊಡ್ಡವೇನಲ್ಲ. ಒಳಗೆ ಕುಳಿತರೆ ಸದ್ದು ಮಿತಿಮೀರಿತ್ತು. ಪಂದ್ಯದ ಬಂಡಿಗೆ ರಸ್ತೆಯ ವೇಷ ತೊಡಿಸಿದಂತೆ ಸವಾರಿ ಒರಟು, ಒಳಗಣ ಕೆಲಸವೂ ಅಚ್ಚುಕಟ್ಟಿಲ್ಲ. ಇವೆಲ್ಲವನ್ನು ಸಹಿಸಬಹುದಾಗಿತ್ತು, ಸಹಿಸಲಾಗದ್ದು ಕ್ಲಚ್ಚು. ಅದು ಮತ್ತೆ ಮತ್ತೆ ಕೆಡುತ್ತಿತ್ತು. ಪ್ರತಿ ಸಲವೂ ಮರನೆಲ್ಲೊಗೆ ಒಯ್ಯಬೇಕು. ಅಲ್ಲಿನವರು ಕಾರನ್ನು ಒಳಗೆ ತೆಗೆದುಕೊಂಡು ಹೋಗುವರು. ಏನು ಮಾಡುತ್ತಾರೆಂದು ನೋಡಲು ಒಡೆಯನಿಗೆ ಅಪ್ಪಣೆಯಿಲ್ಲ. ತಾಸುಗಟ್ಟಲೆ ಹೊರಗೆ ಕುಳಿತು ಬಿಲ್ಲು ಕೊಟ್ಟು ಹಿಂದಿರುಗಬೇಕು. ಹುಟ್ಟಾ ಮೆಕ್ಯಾನಿಕನಾದವನಿಗೆ ಇದಕ್ಕಿಂತ ಹೆಚ್ಚಿನ ಅವಮಾನ ಬೇರೇನಿದೆ?

ಕಡೆಗೆ ಕಾರನ್ನು ತನ್ನ ಟ್ರ್ಯಾಕ್ಟರ್ ಕಾರ್ಖಾನೆಗೇ ಒಯ್ದು ಬಿಚ್ಚಿಸಿದನಂತೆ. ನೋಡಿದರೆ ಆ ಕ್ಲಚ್ಚು ತನ್ನ ಟ್ರ್ಯಾಕ್ಟರುಗಳಿಗೆ ತಾನು ಹಾಕುತ್ತಿದ್ದಂಥದೇ! ಅದನ್ನು ತೆಗೆದು ದೊಡ್ಡದೊಂದನ್ನು ಕೂಡಿಸಿದ ಮೇಲೆ ಆ ತೊಂದರೆ ತಪ್ಪಿತು. ಆಮೇಲೆ ಫೆರಾರಿಯನ್ನೇ ಕಂಡು ದೋಷವನ್ನು ತಿಳಿಸಿದಾಗ, ಟ್ರ್ಯಾಕ್ಟರ್ ಓಡಿಸುವವನಿಗೆ ಇಂಥ ಕಾರು ಓಡಿಸಲು ಬಾರದು, ಹೋಗಿ ಟ್ರ್ಯಾಕ್ಟರನ್ನೇ ನೋಡಿಕೋ ಎಂಬರ್ಥದ ಉತ್ತರ ದೊರೆಯಿತೆಂದು ಪ್ರತೀತಿ. ಈ ಮಾತುಕತೆ ಜಗತ್ತಿಗೆ ತಿಳಿದದ್ದು ಲಂಬೋರ್ಗಿನಿಯ ಬಾಯಿಂದ. ಹೇಳಿದಂತೆಲ್ಲ ಅದಕ್ಕೆ ಬಣ್ಣವೇರಿದೆ. ಆದುದರಿಂದ ಪದಕ್ಕೆ ಪದ ನಂಬಬೇಕೆಂದು ನಾವು ಹೇಳುವುದಿಲ್ಲ. ಅದು ಹೇಗೂ ಇರಲಿ, 1963ರಲ್ಲಿ ಆತ ಸಾಂತಾಗಾತ ಬೊಲೊನ್ಯೇಸೆ ಎಂಬ ಊರಿನಲ್ಲಿ ಕಾರಿನ ಕಾರ್ಖಾನೆಯನ್ನು ಕಟ್ಟಿದನೆಂಬುದು ಕಣ್ಣೆದುರಿನ ಸಂಗತಿ. ಸಿಟ್ಟಿನ ಜೊತೆಗೆ ವ್ಯಾಪಾರಿಯ ಲೆಕ್ಕಾಚಾರವೂ ಇದ್ದಿರಬೇಕು. ಬರಿಯ ಸಿಟ್ಟಿನಿಂದ ಯಾರೂ ಕಾರ್ಖಾನೆ ಕಟ್ಟಲಾರರು.

ಎಂಜಿನಿಗಾಗಿ ಹಿಂದೆ ಫೆರಾರಿಯಲ್ಲೇ ಇದ್ದ ಬಿಜ್ಜಾರ್ರಿನಿಯನ್ನು ಹಿಡಿದನು. ಹನ್ನೆರಡು ಸಿಲಿಂಡರಿನ ಮೂರೂವರೆ ಲೀಟರ್ ಎಂಜಿನ್ ಸಿದ್ಧವಾಯಿತು. ಆದರೆ ಅದು ಪಂದ್ಯದ ಕುದುರೆಯಂತೆ ಕೆನೆಯುವಂಥದು. ತನಗೆ ಬೇಕಾದದ್ದು ಸದ್ದಿಲ್ಲದೆ ದೂರ ಓಡುವ ಕಾರು ಎಂದು ಲಂಬೋರ್ಗಿನಿ ಅದನ್ನು ಸೌಮ್ಯಗೊಳಿಸಲು ಹೇಳಿದನು. 1963ರ ಟ್ಯೂರಿನ್ ಪ್ರದರ್ಶನದಲ್ಲಿ ಮೊದಲ ಮಾದರಿಯನ್ನು ಇಟ್ಟಾಗ ಆದದ್ದು ನಗೆಪಾಟಲಿನ ಸಂಗತಿ. ಎಂಜಿನು ಮುಂದಿನ ಮುಚ್ಚಳದೊಳಗೆ ಹಿಡಿಸಲೇ ಇಲ್ಲ. ಅದರ ಭಾರಕ್ಕೆ ಸಮನಾಗಿ ಇಟ್ಟಿಗೆ ತುಂಬಿ, ಮುಚ್ಚಳ ತೆರೆಯದೆ ಪ್ರದರ್ಶನ ಮುಗಿಸಿದರಂತೆ. ದಲ್ಲಾರ, ಸ್ತಾನ್ಜಾನಿ ಎಂಬ ತರುಣ ಎಂಜಿನಿಯರರೂ ನ್ಯೂಜಿಲೆಂಡಿನ ಬಾಬ್ ವಾಲೆಸನೂ ಸೇರಿ ತಿದ್ದಿದ ಮೇಲೆ 350 ಜಿಟಿ ಎಂಬ ಕಾರು 1964ರಲ್ಲಿ ಹೊರಬಂತು. ಆ ವರ್ಷ ಮಾರಾಟವಾದುವು 13. ಮೊದಮೊದಲು ಗೇರುಪೆಟ್ಟಿಗೆಯನ್ನು ಹೊರಗಿನಿಂದ ತರಿಸುತ್ತಿದ್ದರು. ಮುಂದೆ ಅದನ್ನೂ ತಮ್ಮಲ್ಲೇ ಮಾಡತೊಡಗಿದರು. ಆ ಮಟ್ಟಿಗೆ ಆತ ತನ್ನ ಮಾತು ಉಳಿಸಿಕೊಂಡನೆನ್ನಬೇಕು.

ಬಳಿಕ ನಡೆದದ್ದು ವಿಚಿತ್ರ. ಆ ಎಳೆಯ ಎಂಜಿನಿಯರರು ಕೆಲಸದ ವೇಳೆ ಮುಗಿದ ಮೇಲೆ ರಾತ್ರಿಯೆಲ್ಲ ಕುಳಿತು, ಎಂಜಿನನ್ನು ಸವಾರನ ಬೆನ್ನ ಹಿಂದೆ ಅಡ್ಡವಾಗಿ ಇಟ್ಟ ಇನ್ನೊಂದು ಕಾರನ್ನು ಯೋಚಿಸಿದರು. ಒಡೆಯನಿಗೆ ಅದು ಪ್ರಚಾರಕ್ಕಾದೀತು ಎಂಬಷ್ಟೇ ನಂಬಿಕೆ. ಬೆರ್ತೋನೆಯ ಕಾರ್ಯಾಗಾರದ ಗಂದೀನಿ ಎಂಬ ತರುಣ ಮೈಕಟ್ಟು ಕೊಟ್ಟ ಮೇಲೆ 1966ರ ಜಿನೀವಾ ಪ್ರದರ್ಶನದಲ್ಲಿ ಅದನ್ನು ಕಂಡವರು ಬೆರಗಾದರು. ಸ್ಪೇನಿನ ಹೋರಿ ಸಾಕುವ ಮನೆತನದ ಮೇಲಿಂದ ಮಿಯೂರ ಎಂದು ಅದಕ್ಕೆ ಹೆಸರು. ಒಡೆಯನದು ವೃಷಭ ರಾಶಿ. ಕಂಪೆನಿಯ ಮುದ್ರೆಯೂ ಹೋರಿಯೇ. ಸದ್ದಿನ ಮೇಲೆ ದೂರು ಹೇಳಿದವನ ಕಾರ್ಖಾನೆಯಲ್ಲಿ ಈಗ ಸವಾರನ ಕಿವಿಯ ಹಿಂದೆಯೇ ಹನ್ನೆರಡು ಸಿಲಿಂಡರು ಮೊರೆಯುವ ಕಾರು! ಒಳಗೆ ಸೆಕೆ, ವೇಗ ಏರಿದರೆ ಮೂತಿ ಹಗುರಾಗುವ ಭಯ, ಕೆಲವಕ್ಕೆ ಪೆಟ್ರೋಲು ಚೆಲ್ಲಿ ಬೆಂಕಿಯೂ ಹಿಡಿದದ್ದುಂಟು. ಆದರೂ 1973ರ ವರೆಗೆ ಸುಮಾರು 760 ಕಾರುಗಳು ತಯಾರಾದುವು. 1971ರಲ್ಲಿ ತೋರಿಸಿದ ಕೌಂಟಾಶ್ ಅದಕ್ಕೂ ಮಿಗಿಲು. ಹಿಂದಕ್ಕೆ ಸರಿಸಬೇಕಾದರೆ ಬಾಗಿಲು ಮೇಲೆತ್ತಿ, ಹೊಸ್ತಿಲ ಮೇಲೆ ಕುಳಿತು, ಕತ್ತು ಹೊರಹಾಕಿ ನೋಡಬೇಕು. ಇಷ್ಟಾಗಿಯೂ ಕೊಂಡವರು ಕೊಂಡರು. ಅವರ ದೂರುಗಳನ್ನು ಲಂಬೋರ್ಗಿನಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದನೇ ಎಂದು ನಮ್ಮ ತರಗತಿಯ ಹುಡುಗನೊಬ್ಬ ಕೇಳಿದ್ದುಂಟು. ಪ್ರಶ್ನೆ ಒಳ್ಳೆಯದೇ.

ಕೆಡುಗಾಲ ಬಂದದ್ದು ಕಾರಿನಿಂದಲ್ಲ, ಟ್ರ್ಯಾಕ್ಟರಿನಿಂದ. ಬೊಲಿವಿಯಾ ದೇಶ ದೊಡ್ಡ ಸಂಖ್ಯೆಯ ಟ್ರ್ಯಾಕ್ಟರುಗಳಿಗೆ ಬೇಡಿಕೆಯಿಟ್ಟಿತ್ತು. 1971ರಲ್ಲಿ ಅಲ್ಲಿ ದಂಗೆಯಾಗಿ ಸರಕಾರ ಬದಲಾಯಿತು. ಹೊಸ ಸರಕಾರ ಬೇಡಿಕೆಯನ್ನು ರದ್ದು ಮಾಡಿತು. ಸಾಗಿಸಲು ಸಿದ್ಧವಾಗಿದ್ದ ಟ್ರ್ಯಾಕ್ಟರುಗಳು ಹಾಗೆಯೇ ಉಳಿದುವು. ಕೆಲಸವಿಲ್ಲದಿದ್ದರೂ ಕೆಲಸಗಾರರ ಸಂಬಳ ನಿಲ್ಲಿಸುವಂತಿಲ್ಲ. 1972ರಲ್ಲಿ ಕಾರಿನ ಕಂಪೆನಿಯ ನೂರಕ್ಕೆ 51 ಪಾಲನ್ನೂ 1974ರಲ್ಲಿ ಉಳಿದುದನ್ನೂ ಇಬ್ಬರು ಸ್ವಿಸ್ ವ್ಯಾಪಾರಿಗಳಿಗೆ ಮಾರಿದನು. ಟ್ರ್ಯಾಕ್ಟರ್ ಕಂಪೆನಿ ಸಾಮೆ ಎಂಬ ಇಟಲಿಯದೇ ಸಂಸ್ಥೆಯ ಪಾಲಾಯಿತು. ಆ ಸಂಸ್ಥೆ 1990ರ ದಶಕದಲ್ಲಿ ತಮಿಳುನಾಡಿನ ರಾಣಿಪೇಟೆಯಲ್ಲಿ ಕಾರ್ಖಾನೆ ತೆರೆಯಿತು. ಕೆಲಮಂಗಲದವರಿಗೆ ಇಟಲಿ ಅಷ್ಟು ಹತ್ತಿರ ಬಂದದ್ದು ಹೀಗೆ. ಕಾರಿನ ಕಂಪೆನಿ ಹಲವು ಕೈ ದಾಟಿ 1998ರಲ್ಲಿ ಜರ್ಮನಿಯ ಆಡಿಯವರಿಗೆ ಸೇರಿತು.

ಲಂಬೋರ್ಗಿನಿ ಐವತ್ತೆಂಟರ ಪ್ರಾಯದಲ್ಲಿ ಇವೆಲ್ಲದರಿಂದ ಕೈ ತೊಳೆದುಕೊಂಡು ಉಂಬ್ರಿಯಾ ಪ್ರಾಂತದ ತ್ರಾಸಿಮೇನೊ ಸರೋವರದ ದಂಡೆಯಲ್ಲಿದ್ದ ತನ್ನ ಜಮೀನಿಗೆ ಹೋದನು. ಅಲ್ಲಿ ತಂದೆಯಂತೆಯೇ ದ್ರಾಕ್ಷಿ ಬೆಳೆದು ಮದ್ಯ ಇಳಿಸುತ್ತ ಹತ್ತೊಂಬತ್ತು ವರ್ಷ ಬಾಳಿದನು. ಅವನೊಡನೆ ಜಗಳವಾಡಿದನೆನ್ನಲಾದ ಫೆರಾರಿ 1988ರಲ್ಲಿ ತೀರಿಕೊಂಡಿದ್ದನು. 1993ನೇ ಇಸವಿ ಫೆಬ್ರವರಿ 20ರಂದು ಪೆರೂಜದ ಆಸ್ಪತ್ರೆಯಲ್ಲಿ ಹೃದಯದ ಕಾಯಿಲೆಯಿಂದ ಲಂಬೋರ್ಗಿನಿಯೂ ತೀರಿಕೊಂಡನು. ಆಗ ಅವನಿಗೆ 76 ವರ್ಷ. ತಾಯಿಯಿಲ್ಲದೆ ಬೆಳೆದ ಮಗ ತೋನೀನೊ ಎರಡು ವರ್ಷಗಳ ತರುವಾಯ ತಂದೆಯ ಹೆಸರಿನಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದನು. ಅಲ್ಲಿ ಮಿಯೂರ ಕಾರಿನೊಡನೆ, ಗುಜರಿಯಿಂದ ಕಟ್ಟಿದ ಆ ಹಳೆಯ ಕರಿಯೋಕ ಟ್ರ್ಯಾಕ್ಟರನ್ನೂ ಇಡಲಾಯಿತು.