ಸಿಮ್ಖಾ ಬ್ಲಾಸ್

ಸಿಮ್ಖಾ ಬ್ಲಾಸ್ (1897–1982) ಪೋಲೆಂಡ್ ಮೂಲದ ಇಸ್ರೇಲಿ ಜಲ ಎಂಜಿನಿಯರ್. ಆಧುನಿಕ ಹನಿ ನೀರಾವರಿ ಪದ್ಧತಿಯನ್ನು ರೂಪಿಸಿದವರೆಂದು ಪ್ರಸಿದ್ಧರು. ವಾರ್ಸಾದಲ್ಲಿ ಜನಿಸಿದ ಇವರು ಮುಂದೆ ಪ್ಯಾಲೆಸ್ಟೈನ್‌ಗೆ ವಲಸೆ ಹೋದರು. 1937ರಲ್ಲಿ ಆರಂಭವಾದ ಮೆಕೊರೊತ್ ಜಲಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿದ್ದು, ನೆಗೆವ್ ಮರುಭೂಮಿಗೆ ಕೊಳವೆಗಳಲ್ಲಿ ನೀರು ಒಯ್ಯುವ ಯೋಜನೆಗಳನ್ನು ರೂಪಿಸಿದರು.

ಹನಿ ನೀರಾವರಿ

1930ರ ದಶಕದಲ್ಲಿ, ಯಾರೂ ನೀರುಣಿಸದಿದ್ದರೂ ಹುಲುಸಾಗಿ ಬೆಳೆದಿದ್ದ ಮರವೊಂದು ಬ್ಲಾಸ್ ಅವರ ಗಮನಕ್ಕೆ ಬಂದಿತು. ಒಣಗಿದಂತೆ ಕಂಡ ನೆಲವನ್ನು ಅಗೆದಾಗ, ಸೋರುತ್ತಿದ್ದ ಕೊಳವೆಯ ಹನಿಗಳು ಅದರ ಬೇರುಗಳನ್ನು ತಲುಪುತ್ತಿದ್ದುದು ತಿಳಿಯಿತು. ಆದರೆ ಈ ತತ್ತ್ವವನ್ನು ಬಳಕೆಗೆ ತರಲು ಸುಲಭಬೆಲೆಯ ಪ್ಲಾಸ್ಟಿಕ್ ಕೊಳವೆಗಳು ದೊರೆಯುವವರೆಗೆ ಕಾಯಬೇಕಾಯಿತು. 1950ರ ದಶಕದಲ್ಲಿ ಸರ್ಕಾರಿ ಸೇವೆಯನ್ನು ತೊರೆದ ಬಳಿಕ, ಅವರು ಮಗ ಯೆಶಾಯಾಹು ಜೊತೆಗೂಡಿ ಪ್ರಯೋಗಗಳನ್ನು ಮುಂದುವರಿಸಿದರು.

ಅತಿ ಸಣ್ಣ ರಂಧ್ರಗಳು ಮಣ್ಣಿನ ಕಣಗಳಿಂದ ಬೇಗನೆ ಕಟ್ಟಿಕೊಳ್ಳುತ್ತವೆ. ಇದಕ್ಕೆ ಪರಿಹಾರವಾಗಿ ಅವರು ನೀರನ್ನು ಸುರುಳಿಯಾಕಾರದ ಉದ್ದನೆಯ ನಾಳದಲ್ಲಿ ಹರಿಸಿದರು. ನಾಳದ ಘರ್ಷಣೆಯಿಂದ ಒತ್ತಡ ತಗ್ಗುವುದರಿಂದ, ರಂಧ್ರ ತುಸು ದೊಡ್ಡದಿದ್ದರೂ ನೀರು ಹನಿಹನಿಯಾಗಿಯೇ ಹೊರಬರುತ್ತದೆ.

1965ರಲ್ಲಿ ನೆಗೆವ್‌ನ ಹತ್ಸೆರಿಮ್ ಕಿಬ್ಬುಟ್ಸ್‌ನೊಂದಿಗೆ ಮಾಡಿಕೊಂಡ ಒಪ್ಪಂದದಿಂದ ನೆಟಾಫಿಮ್ ಸಂಸ್ಥೆ ಹುಟ್ಟಿತು. ನೆಲವನ್ನೆಲ್ಲ ತೋಯಿಸದೆ ಬೇರಿನ ಬುಡಕ್ಕಷ್ಟೇ ನೀರುಣಿಸುವ ಈ ಕ್ರಮವು ನೀರಿನ ಕೊರತೆಯಿರುವ ಪ್ರದೇಶಗಳ ಹೊಲಗಳಿಂದ ಹಿಡಿದು ಮನೆಯಂಗಳದ ಹೂಕುಂಡಗಳವರೆಗೆ ಇಂದು ಬಳಕೆಯಲ್ಲಿದೆ.