ಯಾರ ಅಂಕೆಗೂ ಸಿಗದ ಪಂಡಿತೆ

ಮತಾಂತರದ ಚರ್ಚೆ ಎದ್ದಾಗಲೆಲ್ಲ ಮತ ಬದಲಿಸಿದವರನ್ನು ಆಮಿಷಕ್ಕೆ ಬಲಿಯಾದವರೆಂದೋ ಉದ್ಧಾರಗೊಂಡವರೆಂದೋ ಕಾಣುವುದು ನಮ್ಮಲ್ಲಿ ರೂಢಿ. ಅವರಿಗೂ ಸ್ವಂತ ವಿವೇಚನೆ ಇದ್ದಿರಬಹುದೆಂಬುದಕ್ಕೆ ಎರಡೂ ಕಡೆ ಎಡೆಯಿಲ್ಲ. ಇಂತಹ ಸಂದರ್ಭಗಳಲ್ಲಿ ನನಗೆ ನೆನಪಾಗುವವರು ಪಂಡಿತಾ ರಮಾಬಾಯಿ.

ಅವರು ಜನಿಸಿದ್ದು 1858ರಲ್ಲಿ, ನಮ್ಮದೇ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸಮೀಪದ ಮಾಳದವರು; ಹೆಂಡತಿಗೆ ಸಂಸ್ಕೃತ ಕಲಿಸಿ ಸಂಪ್ರದಾಯಸ್ಥರ ಆಕ್ಷೇಪಕ್ಕೆ ಗುರಿಯಾದವರು. ಪುರಾಣ ಪ್ರವಚನ ಮಾಡುತ್ತ ಊರೂರು ಅಲೆದ ಈ ಕುಟುಂಬದಲ್ಲಿ ತಂದೆ, ತಾಯಿ, ಅಕ್ಕ ಮೂವರೂ 1870ರ ದಶಕದ ಬರಗಾಲಕ್ಕೆ ತುತ್ತಾದರು. ಅಣ್ಣನೊಡನೆ 1878ರಲ್ಲಿ ಕಲ್ಕತ್ತ ತಲುಪಿದ ರಮಾಬಾಯಿಗೆ ಅಲ್ಲಿನ ವಿದ್ವಾಂಸರು ಪಂಡಿತೆ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಬೇರೆ ಜಾತಿಯ ಬಂಗಾಳಿ ವಕೀಲರನ್ನು ವರಿಸಿದ ಅವರು 1882ರಲ್ಲಿ ವಿಧವೆಯಾದರು. ಮಗಳು ಮನೋರಮಾ ಆಗ ಕೈಗೂಸು.

ಇಂಗ್ಲೆಂಡಿಗೆ ತೆರಳಿ 1883ರಲ್ಲಿ ದೀಕ್ಷಾಸ್ನಾನ ಪಡೆದಾಗ ಪುಣೆಯ ಸುಧಾರಕರು ಬೆಚ್ಚಿದರು. ಆದರೆ ಆಶ್ರಯ ನೀಡಿದ್ದ ಆಂಗ್ಲಿಕನ್ ಸನ್ಯಾಸಿನಿಯರಿಗೂ ಅವರು ಸುಲಭದ ಶಿಷ್ಯೆಯಾಗಲಿಲ್ಲ. ತ್ರಯೈಕ್ಯ ಸಿದ್ಧಾಂತವನ್ನು ಪ್ರಶ್ನಿಸಿದರು, ಮಾಂಸಾಹಾರ ಒಲ್ಲೆನೆಂದರು, ಶಿಲುಬೆಯ ಮೇಲಿನ ಬರಹ ಲ್ಯಾಟಿನ್ ಬದಲು ಸಂಸ್ಕೃತದಲ್ಲೇಕೆ ಇರಬಾರದೆಂದು ವಾದಿಸಿದರು. ಬಿಷಪ್ಪರ ಅಪ್ಪಣೆಗಿಂತ ತಮ್ಮ ಅಂತಃಸಾಕ್ಷಿ ದೊಡ್ಡದೆಂಬ ಈ ನಿಲುವೇ ಮುಂದೆ ಅವರನ್ನು ವೈಯಕ್ತಿಕ ಅನುಭವಕ್ಕೆ ಒತ್ತು ಕೊಡುವ ಇವ್ಯಾಂಜೆಲಿಕಲ್ ನಂಬಿಕೆಯತ್ತ ಒಯ್ದಿತೆಂದು ನನ್ನ ಅನಿಸಿಕೆ.

ಮುಂಬಯಿಯಲ್ಲಿ 1889ರಲ್ಲಿ ವಿಧವೆಯರಿಗಾಗಿ ತೆರೆದ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಅವರ ಪ್ರಾರ್ಥನೆಯಲ್ಲಿ ಹುಡುಗಿಯರು ಕೂರುತ್ತಾರೆಂಬ ಗದ್ದಲವೆದ್ದು 1893ರಲ್ಲಿ ರಾನಡೆ, ಭಂಡಾರ್ಕರ್ ಸಲಹಾ ಮಂಡಳಿಯಿಂದ ಹೊರನಡೆದರು.

1896–97ರ ಬರದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಸ್ವತಃ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆ ಬಳಿಯ ಕೇಡಗಾಂವ್‌ನ ಮುಕ್ತಿ ಸದನ ಬೆಳೆದದ್ದು ಹೀಗೆ. ಬರ ಪರಿಹಾರದ ಕಡತಗಳೊಡನೆ ಹಲವು ಬೇಸಿಗೆ ಕಳೆದ ನನ್ನನ್ನು ಹೆಚ್ಚು ಸೆಳೆಯುವುದು ಈ ಅಧ್ಯಾಯ. ಗಂಜಿ ಕೇಂದ್ರ ಇಂದಿನ ಹಸಿವನ್ನು ತಣಿಸುತ್ತದೆ, ನಾಳಿನದನ್ನಲ್ಲ. ಮುಕ್ತಿಯಲ್ಲಿ ಮಗ್ಗ, ಗಾಣ, ಬೇಸಾಯ, ಅಚ್ಚುಕೂಟ ಎಲ್ಲವೂ ಹೆಂಗಸರ ಕೈಯಲ್ಲೇ ನಡೆದವು. ಅದೇ 1897ರಲ್ಲಿ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರ ದುಃಸ್ಥಿತಿಯ ಬಗ್ಗೆ ಸರ್ಕಾರದ ವಿರುದ್ಧ ಪತ್ರಿಕೆಗೆ ಬರೆಯಲೂ ಅವರು ಹಿಂಜರಿಯಲಿಲ್ಲ.

ಆದರೂ ಒಂದು ಪ್ರಶ್ನೆಯನ್ನು ತಳ್ಳಿಹಾಕಲಾಗದು. 1905ರಲ್ಲಿ ಮುಕ್ತಿಯಲ್ಲಿ ಭಾವಾವೇಶದ ಸಾಮೂಹಿಕ ಪ್ರಾರ್ಥನೆಗಳು ಹಬ್ಬಿದವು. ಅನ್ನವಿಕ್ಕಿದವರೇ ದೇವರನ್ನೂ ತೋರಿಸಿದಾಗ ಅನಾಥ ಹುಡುಗಿಯ ಆಯ್ಕೆ ರಮಾಬಾಯಿಯ ಆಯ್ಕೆಯಷ್ಟೇ ಸ್ವತಂತ್ರವಾಗಿತ್ತೇ? ಇರಲಿಲ್ಲವೆಂದೇ ನನ್ನ ಎಣಿಕೆ. ಹಾಗೆಂದು ಆ ಹುಡುಗಿಯರಿಗೆ ಬದಲಿ ಆಶ್ರಯ ಒದಗಿಸಲು ಮುಂದೆ ಬಂದ ಟೀಕಾಕಾರರು ವಿರಳ.

ಕೊನೆಯ ವರ್ಷಗಳು ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲನ್ನು ಸರಳ ಮರಾಠಿಗೆ ತರುವುದರಲ್ಲಿ ಕಳೆದವು. ಮನೋರಮಾ 1921ರಲ್ಲಿ ತೀರಿಕೊಂಡರು. ತಾಯಿ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು.