ಮಾತುಗಳನ್ನು ಹುಡುಕಿದ ಕಿಟೆಲ್

ಕಲಘಟಗಿ ತಾಲೂಕಿನ ದೇವಿಕೊಪ್ಪದ ಒಂದು ಮನೆಯನ್ನು ನೆನೆಸಿಕೊಳ್ಳಿ. ಕಲಘಟಗಿಯ ಬಣ್ಣದ ತೊಟ್ಟಿಲಲ್ಲಿ ಕೂಸು ಮಲಗಿದೆ. ತೊಟ್ಟಿಲನ್ನು ಮಾಡಿದವರು ಬಡಿಗರು. ಆದರೆ ತೊಟ್ಟಿಲು ಎಂಬ ಮಾತನ್ನು ಮಾಡಿದವರು ಯಾರು? ಊರಿನ ಹೆಸರಿನಲ್ಲಿರುವ ಕೊಪ್ಪ, ಅಂದರೆ ಸಣ್ಣ ಹಳ್ಳಿ, ಎಂಬ ಮಾತನ್ನು ಮಾಡಿದವರು ಯಾರು? ಹೇಳುವವರಿಲ್ಲ. ಆ ಕೂಸಿಗೆ ಯಾರೂ ವ್ಯಾಕರಣ ಕಲಿಸುವುದಿಲ್ಲ. ಆದರೂ ಮಾತು ಬಂದ ಮೇಲೆ ಅವ್ವ ಬಂದ್ಲು, ಅಪ್ಪ ಬಂದ ಎಂದು ತಪ್ಪದೆ ಹೇಳುತ್ತದೆ.

ಹಾಗಾದರೆ ಮನುಷ್ಯನ ಜ್ಞಾನ ಅವನು ಕಂಡುಕೊಂಡದ್ದೋ, ತಾನೇ ಕಟ್ಟಿದ್ದೋ? ನಮ್ಮ ಧಾರವಾಡ ಸೀಮೆಯಲ್ಲಿ ಓಡಾಡಿದ ಒಬ್ಬ ಪಾದ್ರಿಯ ಬಾಳು ಇದಕ್ಕೆ ಬೆಳಕು ನೀಡುತ್ತದೆ.

ಫರ್ಡಿನಾಂಡ್ ಕಿಟೆಲ್ ಹುಟ್ಟಿದ್ದು 1832ರಲ್ಲಿ, ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ತಂದೆ ಪ್ರೊಟೆಸ್ಟೆಂಟ್ ಸಭೆಯ ಪಾದ್ರಿ. ಬಾಸೆಲ್ ಮಿಶನ್ನಿನ ಸೇವಕರಾಗಿ 1853ರಲ್ಲಿ ಭಾರತಕ್ಕೆ ಬಂದ ಕಿಟೆಲ್ ಧಾರವಾಡ, ಹುಬ್ಬಳ್ಳಿ ಭಾಗದಲ್ಲಿ ಕನ್ನಡ ಕಲಿತರು. ಪಂಡಿತರ ಬಳಿ ಕುಳಿತು ಹಳಗನ್ನಡ ಓದಿದರು. ಹಳ್ಳಿಯವರ ಜೊತೆ ಆಡುಮಾತು ಆಡಿದರು. ಅವರ ಈ ಹುಚ್ಚು ಮಿಶನ್ನಿನ ಎಲ್ಲರಿಗೂ ಹಿಡಿಸಲಿಲ್ಲ. ಸುವಾರ್ತೆ ಸಾರಲು ಬಂದವರಿಗೆ ಪುಸ್ತಕಗಳ ಗೊಡವೆ ಏಕೆಂಬ ಅಸಮಾಧಾನವಿತ್ತು. ಮನೆಯಲ್ಲೂ ಕಷ್ಟ ಬಂತು. 1864ರಲ್ಲಿ ಪತ್ನಿ ಪೌಲಿನ ತೀರಿಕೊಂಡರು. ಮುಂದೆ ಆಕೆಯ ತಂಗಿ ಜೂಲಿಯನ್ನು ಮದುವೆಯಾಗಿ ಅವರು ಮತ್ತೆ ಕನ್ನಡನಾಡಿಗೆ ಮರಳಿದರು.

ಕೇಶಿರಾಜನೆಂಬ ಪಂಡಿತ 13ನೇ ಶತಮಾನದಲ್ಲಿ ಬರೆದ ಕನ್ನಡ ವ್ಯಾಕರಣ ಶಬ್ದಮಣಿದರ್ಪಣವನ್ನು ಕಿಟೆಲ್ 1872ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಕೇಶಿರಾಜನಿಗಿಂತ ಮೊದಲೇ ಜನ ಕನ್ನಡ ಆಡುತ್ತಿದ್ದರು, ಕವಿಗಳು ಬರೆಯುತ್ತಿದ್ದರು. ಅವರ ಮಾತಿನೊಳಗೆ ಅಡಗಿದ್ದ ನಿಯಮವನ್ನು ಅವನು ಕಂಡ. ಅದಕ್ಕೆ ಸೂತ್ರದ ರೂಪ ಕೊಟ್ಟ. ಕಂಡದ್ದು ಒಂದು, ಕಟ್ಟಿದ್ದು ಇನ್ನೊಂದು. ಎರಡೂ ಸೇರಿದಾಗ ಅದು ವಿದ್ಯೆಯಾಯಿತು.

ಕಿಟೆಲರ ಕನ್ನಡ-ಇಂಗ್ಲಿಷ್ ನಿಘಂಟಿನ ಕಥೆಯೂ ಇದೇ. ಸುಮಾರು ಎರಡು ದಶಕಗಳ ದುಡಿಮೆಯ ನಂತರ 1894ರಲ್ಲಿ ಅದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರಬಂತು. ಸುಮಾರು 70,000 ಶಬ್ದಗಳು, 1,700ಕ್ಕೂ ಹೆಚ್ಚು ಪುಟಗಳು. ಅಲ್ಲಿನ ಶಬ್ದಗಳನ್ನು ಕಿಟೆಲ್ ಹುಟ್ಟಿಸಲಿಲ್ಲ. ಹಳೆಯ ಕಾವ್ಯಗಳಿಂದಲೂ ಬಾಳುವ ಜನರ ಬಾಯಿಂದಲೂ ಆರಿಸಿದರು. ಮಾತು ಮೈಸೂರು ಸೀಮೆಯದೋ, ಆಗ ದಕ್ಷಿಣ ಮರಾಠಾ ಸೀಮೆ ಎನಿಸಿಕೊಂಡಿದ್ದ ನಮ್ಮ ಭಾಗದ್ದೋ ಎಂದು ಗುರುತು ಹಾಕಿದರು. ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿರುವ ಅದರ ನಂಟು ತೋರಿಸಿದರು. ಮಾತು ಸಿಕ್ಕಿದ್ದು, ಅಕಾರಾದಿಯ ಜೋಡಣೆ, ಅರ್ಥ ಬಿಡಿಸಿದ ಬಗೆ, ಇವು ಅವರ ಕಟ್ಟೋಣ.

ಸಿಕ್ಕಿದ್ದು ಎನ್ನಲು ಒಂದು ಕಾರಣವಿದೆ. ನಾವೇ ಹೊಸೆದ ಕಥೆಯಲ್ಲಿ ತಪ್ಪು ಹಿಡಿಯಲು ಯಾರಿಗೂ ಬಾರದು. ಆದರೆ ನಿಘಂಟಿನ ಅರ್ಥ ತಪ್ಪಾದರೆ, ಓದು ಬಾರದ ರೈತನೂ ಅದನ್ನು ತಿದ್ದಬಲ್ಲ. ದೊಡ್ಡ ವಿದ್ವಾಂಸರಾಗಿದ್ದರೂ ಕಿಟೆಲ್ ಜನರನ್ನು ಕೇಳಿ ಕಲಿತರು. ಮುಂದೆ ಎಂ. ಮರಿಯಪ್ಪ ಭಟ್ಟರು ಆ ನಿಘಂಟನ್ನು ಪರಿಷ್ಕರಿಸಿ ನಾಲ್ಕು ಸಂಪುಟಗಳಿಗೆ ವಿಸ್ತರಿಸಿದರು. ಹುಡುಕಿದಷ್ಟೂ ಇನ್ನೂ ಸಿಗುವುದಿತ್ತು.

ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನು ಉಂಟುಮಾಡಿ ಆದಾಮನ ಮುಂದೆ ತರುತ್ತಾರೆ. ಹೆಸರಿಡುವ ಕೆಲಸವನ್ನು ಅವನಿಗೇ ಬಿಡುತ್ತಾರೆ. ಸೃಷ್ಟಿ ದೇವರ ವರ, ಹೆಸರು ಮನುಷ್ಯನ ದುಡಿಮೆ. ನಾವು ತಿಳಿದುದೆಲ್ಲ ನಮ್ಮದೇ ಸೃಷ್ಟಿ ಎಂಬ ಗರ್ವ ಬೇಡ. ಎಲ್ಲವೂ ತಾನಾಗಿ ಸಿಗುತ್ತದೆ ಎಂಬ ಸೋಮಾರಿತನವೂ ಬೇಡ.

1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಕಿಟೆಲರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗನ್ನಿನಲ್ಲಿ ಕಣ್ಣುಮುಚ್ಚಿದರು. ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರನ್ನು ಉಳಿಸಿದೆ.

ತಂದೆತಾಯಿಯರೇ, ಒಂದು ಮಾತು. ಬೆಟ್ಟದ ಕಲ್ಲು ಹುಡುಕುವವನಿಗಾಗಿ ಕಾಯುತ್ತದೆ, ಮಾತು ಕಾಯುವುದಿಲ್ಲ. ಆಡುವವರು ಹೋದರೆ ಅದೂ ಹೋಗುತ್ತದೆ. ಕೂರಿಗೆ, ಕುಂಟೆಗಳ ಒಂದೊಂದು ಭಾಗದ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದೆ. ಟ್ರ್ಯಾಕ್ಟರ್ ನೋಡಿ ಬೆಳೆದ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಈ ಭಾನುವಾರ ಊಟವಾದ ಮೇಲೆ ಮಕ್ಕಳನ್ನು ಅಜ್ಜ ಅಜ್ಜಿಯರ ಹತ್ತಿರ ಕೂರಿಸಿ. ಕೈಗೊಂದು ನೋಟುಪುಸ್ತಕ ಕೊಡಿ.